ಚಾರ್ಜ್ ಅನ್ನೋ ಒಂದೇ ಶಬ್ದಕ್ಕೆ ಇಷ್ಟೊಂದು ಅರ್ಥ ಯಾಕೆ?

ಪ್ರಶ್ನೆ (ಇಂಡಿ ತಾಲೂಕಿನಿಂದ, ಪಿಡಿಒ ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಪರೀಕ್ಷೆಗೆ ಓದುತ್ತಿರುವವರು):
ನಮಸ್ಕಾರ ರೀ ಮೇಡಂ. ಒಂದು ಮಾದರಿ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದೆ. 'ಚಾರ್ಜ್' ಶಬ್ದದ ಸಮಾನಾರ್ಥಕ ಯಾವುದು ಅಂತ ಕೇಳಿದ್ದರು. ಫೀ, ಅಕ್ಯೂಸ್, ಅಟ್ಯಾಕ್, ಡ್ಯೂಟಿ ಅಂತ ನಾಲ್ಕು ಆಯ್ಕೆ. ನನಗೆ ನಾಲ್ಕೂ ಸರಿ ಅನಿಸಿತು. ಮೊಬೈಲಿಗೂ ಚಾರ್ಜ್, ಆಟೊದವರಿಗೂ ಚಾರ್ಜ್, ಪೊಲೀಸರದ್ದು ಲಾಠಿ ಚಾರ್ಜ್, ಕೋರ್ಟಿಗೆ ಚಾರ್ಜ್‌ಶೀಟ್. ನಮ್ಮ ಪಂಚಾಯಿತಿಗೆ ಹೊಸಬರು ಬಂದರೆ 'ಚಾರ್ಜ್ ತಗೊಂಡ್ರು' ಅಂತಾರೆ. ಇದನ್ನೆಲ್ಲ ಬಾಯಿಪಾಠ ಮಾಡಬೇಕಾ?

ಉತ್ತರ (ಇಂಗ್ಲಿಷ್ ಉಪನ್ಯಾಸಕಿ, ವಿಜಯಪುರ):
ಬಾಯಿಪಾಠ ಬೇಡ. ವಾಕ್ಯ ಕೊಡದೆ ಬರೀ ಶಬ್ದ ಕೊಟ್ಟು ಹೀಗೆ ಕೇಳಿದ್ದರೆ ಆ ಪ್ರಶ್ನೆಯೇ ಸರಿಯಿಲ್ಲ. ನಿಮಗೆ ನಾಲ್ಕೂ ಸರಿ ಅನಿಸಿದ್ದು ಸಹಜ.

ಈ ಶಬ್ದದ ಬೇರು ಚಕ್ಕಡಿಯಲ್ಲಿದೆ. ಲ್ಯಾಟಿನ್ ಭಾಷೆಯಲ್ಲಿ 'ಕಾರ್ರಸ್' ಅಂದರೆ ಬಂಡಿ. ಬಂಡಿಗೆ ಸಾಮಾನು ಹೇರುವುದಕ್ಕೆ 'ಕಾರ್ರಿಕಾರೆ' ಅಂತಿದ್ದರು. ಅದು ಹಳೆಯ ಫ್ರೆಂಚ್‌ಗೆ ಹೋಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಇಂಗ್ಲಿಷಿಗೆ ನುಗ್ಗಿದ ಸಾವಿರಾರು ಫ್ರೆಂಚ್ ಶಬ್ದಗಳಲ್ಲಿ ಇದೂ ಒಂದು. ಕಾರ್, ಕಾರ್ಗೋ, ಕ್ಯಾರಿ ಇವೆಲ್ಲ ಇದೇ ಮನೆತನದವು. ಅಂದರೆ ಚಾರ್ಜ್‌ನ ಮೊದಲ ಅರ್ಥ ಹೇರುವುದು, ಹೊರಿಸುವುದು.

ಈಗ ನಿಮ್ಮ ಉದಾಹರಣೆಗಳನ್ನು ಮತ್ತೆ ನೋಡಿ. ಒಬ್ಬರ ಮೇಲೆ ಹಣದ ಭಾರ ಹಾಕಿದರೆ ಅದು ಶುಲ್ಕ. ಕೆಲಸದ ಭಾರ ಹಾಕಿದರೆ ಹೊಣೆ. ತಪ್ಪಿನ ಭಾರ ಹಾಕಿದರೆ ಆರೋಪ. ಕನ್ನಡದಲ್ಲೂ ನಾವು 'ಹೊಣೆ ಹೊರಿಸಿದರು', 'ಆರೋಪ ಹೊರಿಸಿದರು' ಅಂತಲೇ ಹೇಳುತ್ತೇವೆ ಅಲ್ವಾ? 'ಆರೋಪ' ಅನ್ನುವ ಸಂಸ್ಕೃತ ಶಬ್ದದ ಮೂಲ ಅರ್ಥವೂ ಮೇಲೆ ಏರಿಸುವುದು ಅಂತಲೇ. ಸರ್ಕಾರಿ ಆದೇಶದಲ್ಲಿ 'ಪ್ರಭಾರ' ಅಂತ ಬರೆಯುತ್ತಾರೆ. ಅದರೊಳಗೆ 'ಭಾರ' ಹಾಗೇ ಕುಳಿತಿದೆ. ಹೀಗೆ ಎರಡು ಭಾಷೆ ಒಂದೇ ದಾರಿ ಹಿಡಿದಿರುವುದನ್ನು ತರಗತಿಯಲ್ಲಿ ಹೇಳುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ಮೊಬೈಲ್ ಚಾರ್ಜ್ ಸ್ವಲ್ಪ ಸುತ್ತು ಹಾಕಿ ಬಂದದ್ದು. ಬಂದೂಕಿಗೆ ಮದ್ದು ತುಂಬುವುದಕ್ಕೂ ಚಾರ್ಜ್ ಅಂತಿದ್ದರು. 1740ರ ದಶಕದಲ್ಲಿ ವಿದ್ಯುತ್ತಿನ ಪ್ರಯೋಗ ಮಾಡುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ ಗಾಜಿನ ಜಾಡಿಗೆ ವಿದ್ಯುತ್ ತುಂಬುವುದಕ್ಕೆ ಇದೇ ಶಬ್ದ ಬಳಸಿದರು. ಅಂಥ ಜಾಡಿಗಳ ಸಾಲಿಗೆ ಅವರು ಇಟ್ಟ ಹೆಸರು 'ಬ್ಯಾಟರಿ'. ಅದೂ ಫಿರಂಗಿಗಳ ಸಾಲಿನ ಹೆಸರೇ. ಲಾಠಿ ಚಾರ್ಜ್ ಅಂದರೆ ಗುಂಪಿನ ಮೇಲೆ ನುಗ್ಗುವುದು. ಅದಕ್ಕೆ ಇನ್ನೊಂದು ಶಬ್ದ ಅಟ್ಯಾಕ್ ಅಥವಾ ರಶ್.

'ಡಿಸ್‌ಚಾರ್ಜ್' ಅಂದರೆ ಭಾರ ಇಳಿಸುವುದು. ಆಸ್ಪತ್ರೆಯಿಂದ ಡಿಸ್‌ಚಾರ್ಜ್ ಗೊತ್ತೇ ಇದೆ. ಮಳೆಗಾಲದಲ್ಲಿ ಆಲಮಟ್ಟಿಯಿಂದ ಕೃಷ್ಣೆಗೆ ಬಿಡುವ ನೀರಿಗೂ ಡಿಸ್‌ಚಾರ್ಜ್ ಅಂತಲೇ ಬರೆಯುತ್ತಾರೆ. ಅದನ್ನು ಅಳೆಯುವುದು ಕ್ಯೂಸೆಕ್‌ನಲ್ಲಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್.

ಪರೀಕ್ಷೆಗೆ ಜಾಸ್ತಿ ಕೆಲಸಕ್ಕೆ ಬರುವುದು ಹಣದ ಅರ್ಥ. ಅಲ್ಲೇ ಹುಡುಗರು ಎಡವುತ್ತಾರೆ. ವೈದ್ಯರು, ವಕೀಲರು, ಶಾಲೆಯವರು ತೆಗೆದುಕೊಳ್ಳುವುದು ಫೀ. ಬಸ್ಸು, ರೈಲು, ಆಟೊಗೆ ಫೇರ್. ಹೆದ್ದಾರಿಯಲ್ಲಿ ಟೋಲ್. ತಪ್ಪಿಗೆ ಕಟ್ಟುವುದು ಫೈನ್. ಅಂಗಡಿಯ ವಸ್ತುವಿಗೆ ಪ್ರೈಸ್. ಸೇವೆಗೆ ಕೊಡುವುದಕ್ಕೆ ಚಾರ್ಜ್ ಒಪ್ಪುತ್ತದೆ. ಮನೆಯ ಹೆಸ್ಕಾಂ ಕರೆಂಟ್ ಬಿಲ್ ತೆಗೆದು ನೋಡಿ. ಫಿಕ್ಸ್ಡ್ ಚಾರ್ಜ್, ಎನರ್ಜಿ ಚಾರ್ಜ್ ಅಂತ ಬೇರೆ ಬೇರೆ ಇರುತ್ತದೆ. ಮೊದಲನೆಯದು ಮಂಜೂರಾದ ಲೋಡ್ ಮೇಲೆ, ಎರಡನೆಯದು ಸುಟ್ಟ ಯೂನಿಟ್ ಮೇಲೆ. ಅಲ್ಲಿ ಯಾರೂ ಫೇರ್ ಅಂತ ಬರೆಯುವುದಿಲ್ಲ.

ಪ್ರಶ್ನೆ (ವಿಜಯಪುರ, ಪದವಿ ವಿದ್ಯಾರ್ಥಿನಿ):
ಮೇಡಂ, ಅಕ್ಯೂಸ್ಡ್ ಮತ್ತು ಚಾರ್ಜ್ಡ್ ಎರಡೂ ಒಂದೇನಾ? ಸುದ್ದಿಯಲ್ಲಿ ಎರಡನ್ನೂ ಬಳಸುತ್ತಾರೆ.

ಉತ್ತರ:
ಒಂದೇ ಅಲ್ಲ. ಯಾರು ಬೇಕಾದರೂ ಯಾರನ್ನು ಬೇಕಾದರೂ ಅಕ್ಯೂಸ್ ಮಾಡಬಹುದು. ನೆರೆಮನೆಯವರೂ ಮಾಡಬಹುದು. ಚಾರ್ಜ್ ಮಾಡುವುದು ಕಾನೂನಿನ ಕೆಲಸ. ಎಫ್‌ಐಆರ್ ಆಯಿತು ಅಂದರೆ ತನಿಖೆ ಶುರುವಾಯಿತು ಅಷ್ಟೇ. ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವುದು ಚಾರ್ಜ್‌ಶೀಟ್, ಅಂದರೆ ದೋಷಾರೋಪ ಪಟ್ಟಿ. ಬಂಧನದಲ್ಲಿ ಇರುವವರ ವಿಷಯದಲ್ಲಿ ಅಪರಾಧ ನೋಡಿ 60 ಇಲ್ಲವೇ 90 ದಿನದೊಳಗೆ ಅದು ಬರದಿದ್ದರೆ ಅವರಿಗೆ ಜಾಮೀನು ಕೇಳುವ ಹಕ್ಕು ಸಿಗುತ್ತದೆ. 2024ರ ಜುಲೈ 1ರಿಂದ ಹೊಸ ಕಾನೂನು ಜಾರಿಗೆ ಬಂದರೂ ಈ ಲೆಕ್ಕ ಉಳಿದಿದೆ. ಚಾರ್ಜ್‌ಶೀಟ್ ಬಂದ ಮೇಲೂ ಗಂಭೀರ ಪ್ರಕರಣಗಳಲ್ಲಿ ನ್ಯಾಯಾಧೀಶರು ಕಾಗದ ನೋಡಿ ಆರೋಪ ನಿಗದಿ ಮಾಡಬೇಕು. ಎಫ್‌ಐಆರ್ ಆದ ದಿನವೇ 'ಚಾರ್ಜ್ಡ್' ಅಂತ ಬರೆಯುವುದು ತಪ್ಪು. ಒಬ್ಬರ ಮಾನದ ಪ್ರಶ್ನೆ ಇರುವ ಕಡೆ ಈ ವ್ಯತ್ಯಾಸ ಸಣ್ಣದಲ್ಲ.

ವ್ಯಾಕರಣವೂ ನೆನಪಿರಲಿ. 'ಅಕ್ಯೂಸ್ಡ್ ಆಫ್ ಥೆಫ್ಟ್', ಆದರೆ 'ಚಾರ್ಜ್ಡ್ ವಿತ್ ಥೆಫ್ಟ್'. ಹಣಕ್ಕಾದರೆ 'ಚಾರ್ಜ್ಡ್ ಫಾರ್ ಪಾರ್ಕಿಂಗ್'. ವಾಕ್ಯದಲ್ಲಿ 'ವಿತ್' ಇದೆಯೋ 'ಫಾರ್' ಇದೆಯೋ ಮೊದಲು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪ್ರಶ್ನೆ (ಮುಧೋಳದಿಂದ, ರೈತರು):
ಅಕ್ಕೋರೆ, ಮಗಳ ಮೊಬೈಲಿನಲ್ಲಿ ಇದನ್ನು ಓದಿದೆ. ಬ್ಯಾಂಕಿನ ಕಾಗದದಲ್ಲಿ ನಮ್ಮ ಹೊಲದ ಮೇಲೆ 'ಚಾರ್ಜ್' ಅಂತ ಬರೆದಿದ್ದಾರೆ. ಸಾಲ ತೀರಿಸಿದ್ದೇನೆ. ಮತ್ತೆ ರೊಕ್ಕ ಕಟ್ಟಬೇಕೇನು?

ಉತ್ತರ:
ಕಾಕಾ, ಅದು ಶುಲ್ಕ ಅಲ್ಲ. ನೀವು ಉತಾರದಲ್ಲಿ (ಪಹಣಿಯಲ್ಲಿ) 'ಬೋಜಾ' ಅಂತೀರಲ್ಲ, ಅದೇ ಇದು. ನಮ್ಮ ಕಡೆಯ ಈ ಶಬ್ದಕ್ಕೂ ಭಾರ ಅಂತಲೇ ಅರ್ಥ. ಸಾಲ ತೀರುವವರೆಗೆ ಜಮೀನಿನ ಮೇಲೆ ಬ್ಯಾಂಕಿಗೆ ಇರುವ ಹಕ್ಕು. ಅದನ್ನು ತೆಗೆಸುವ ಬಗ್ಗೆ ನಮ್ಮ ಈ ಪ್ರಶ್ನೋತ್ತರ ಗುಂಪಿನಲ್ಲಿರುವ ಬ್ಯಾಂಕಿನವರು ಹೇಳಲಿ.

ಪ್ರತಿಕ್ರಿಯೆ (ಬಾಗಲಕೋಟೆ, ಬ್ಯಾಂಕ್ ನೌಕರ):
ಮೇಡಂ ಹೇಳಿದ್ದು ಸರಿ. ಕಾಕಾ, ಶಾಖೆಗೆ ಹೋಗಿ ಬೇಬಾಕಿ ಪತ್ರ, ಅಂದರೆ ಸಾಲ ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಳ್ಳಿ. ಬೋಜಾ ತೆಗೆಸಲು ಬ್ಯಾಂಕಿನಿಂದಲೇ ಪತ್ರ ಕೇಳಿ. ಆಮೇಲೆ ಹೊಸ ಉತಾರ ತೆಗೆಸಿ ಋಣದ ಕಾಲಂ ಖಾಲಿಯಾಗಿದೆಯಾ ಅಂತ ಕಣ್ಣಾರೆ ನೋಡಿ. ಸಾಲ ತೀರಿದರೂ ಬೋಜಾ ಹಾಗೇ ಉಳಿದರೆ ಮುಂದೆ ಹೊಲ ಮಾರುವಾಗ, ಹೊಸ ಸಾಲ ಕೇಳುವಾಗ ತೊಂದರೆ. ಮೇಡಂ, ಒಂದು ಮಾತು ಸೇರಿಸುತ್ತೇನೆ. ಚಾರ್ಜ್ ಮತ್ತು ಮಾರ್ಟ್‌ಗೇಜ್ (ಅಡಮಾನ) ಬೇರೆ ಬೇರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಚಾರ್ಜ್‌ಗೆ 100ನೇ ಕಲಂ, ಅಡಮಾನಕ್ಕೆ 58ನೇ ಕಲಂ. ಅಡಮಾನದಲ್ಲಿ ಆಸ್ತಿಯ ಹಿತಾಸಕ್ತಿಯೇ, ಅಂದರೆ ಆಸ್ತಿಯಲ್ಲಿರುವ ಹಕ್ಕಿನ ಒಂದು ಪಾಲೇ ಸಾಲ ಕೊಟ್ಟವರಿಗೆ ಹೋಗುತ್ತದೆ. ಚಾರ್ಜ್‌ನಲ್ಲಿ ಹಾಗಲ್ಲ.

ಮೊದಲ ಪ್ರಶ್ನೆ ಕೇಳಿದವರು:
ಮೇಡಂ, ಒಂದು ವಾಕ್ಯ ಮಾಡಿದ್ದೇನೆ. 'ದಿ ಪೇಷಂಟ್ ಈಸ್ ಇನ್ ಚಾರ್ಜ್ ಆಫ್ ದಿ ನರ್ಸ್.' ಸರಿನಾ?

ಉತ್ತರ:
ಹೀಗೆ ಬರೆದರೆ ರೋಗಿಯೇ ನರ್ಸ್‌ನ ಉಸ್ತುವಾರಿ ನೋಡಿಕೊಂಡಂತೆ ಆಗುತ್ತದೆ. 'ಇನ್ ದಿ ಚಾರ್ಜ್ ಆಫ್' ಅಂತ ಒಂದು 'ದಿ' ಸೇರಿಸಿ. ಆಗ ರೋಗಿ ನರ್ಸ್‌ನ ಆರೈಕೆಯಲ್ಲಿದ್ದಾರೆ ಅಂತ ಅರ್ಥ ಬರುತ್ತದೆ. ಇದೇ ಜೋಡಿಯಲ್ಲಿ ಶಾಲೆ, ಮುಖ್ಯ ಶಿಕ್ಷಕರು ಅಂತ ಇಟ್ಟು ಇನ್ನೆರಡು ವಾಕ್ಯ ಬರೆದು ಇಲ್ಲೇ ಹಾಕಿ, ನೋಡುತ್ತೇನೆ.