ಮೆಗ್ನೀಸಿಯಂ ಆಕ್ಸೈಡ್ ಮೇಲಿನ ಕಬ್ಬಿಣ-ಕೋಬಾಲ್ಟ್ ಪದರ: ಮಳೆಗಾಲದಲ್ಲಿ ಸುಲಭ ದಿಕ್ಕು ಒಂದೇ ಏಕೆ?

ಮಡಿಕೇರಿ ವಿದ್ಯಾರ್ಥಿನಿ: ಮೆಗ್ನೀಸಿಯಂ ಆಕ್ಸೈಡ್ (001) ಹರಳಿನ, ಅಂದರೆ ಜಾಲರಿಯ ಘನದ ಮುಖವೇ ಮೇಲಿರುವಂತೆ ಕತ್ತರಿಸಿದ ಹರಳಿನ, ಮೇಲೆ ಸ್ಪಟರಿಂಗ್ ಮೂಲಕ (ಅಯಾನುಗಳಿಂದ ಲೋಹವನ್ನು ಬಡಿದು ಪರಮಾಣುಗಳನ್ನು ಎಬ್ಬಿಸುವ ವಿಧಾನ) 20 ನ್ಯಾನೊಮೀಟರ್ ದಪ್ಪದ ಕಬ್ಬಿಣ-ಕೋಬಾಲ್ಟ್ ಪದರ ಬೆಳೆಸುತ್ತಿದ್ದೇನೆ. ಕೋಬಾಲ್ಟ್ ಹತ್ತರಲ್ಲಿ ಒಂದು ಪಾಲು. ಬೇಸಿಗೆಯ ಪದರಗಳನ್ನು ಕಾಂತಮಾಪಕದಲ್ಲಿ ತಿರುಗಿಸಿದರೆ ಪ್ರತಿ 90 ಡಿಗ್ರಿಗೊಂದು ಸುಲಭ ದಿಕ್ಕು (ಪದರ ಸುಲಭವಾಗಿ ಕಾಂತವಾಗುವ ದಿಕ್ಕು) ಸಿಗುತ್ತಿತ್ತು. ಜುಲೈಯಿಂದೀಚೆಗೆ 180 ಡಿಗ್ರಿಗೆ ಒಂದು. ತಾಮ್ರದ ಎಕ್ಸ್-ಕಿರಣದ ವಿವರ್ತನೆಯಲ್ಲಿ 65 ಡಿಗ್ರಿಯ ಶಿಖರ ಕುಗ್ಗಿ, 44.7ರಲ್ಲಿ ಹೊಸದೊಂದು ಎದ್ದಿದೆ. ಒತ್ತಡವಾಗಲಿ ತಾಪವಾಗಲಿ ಬದಲಾಗಿಲ್ಲ. ಟಾರ್ಗೆಟ್ (ಪರಮಾಣು ಕೊಡುವ ಲೋಹದ ಬಿಲ್ಲೆ) ಕೆಟ್ಟಿರಬಹುದೇ?

ಕುಶಾಲನಗರದವ: ಹಿಸ್ಟರಿಸಿಸ್ ರೇಖೆಯ (ಕ್ಷೇತ್ರಕ್ಕೆ ತಕ್ಕಂತೆ ಕಾಂತತ್ವ ಬದಲಾಗುವುದನ್ನು ತೋರಿಸುವ ರೇಖೆ) ತುದಿಗಳು ಕೆಳಕ್ಕೆ ಬಾಗಿವೆಯೇ? ಹರಳು ಡಯಾಮ್ಯಾಗ್ನೆಟಿಕ್, ಅಂದರೆ ಕ್ಷೇತ್ರಕ್ಕೆ ವಿರುದ್ಧವಾಗಿ ತುಸು ಕಾಂತವಾಗುತ್ತದೆ. ಆ ಓರೆಯನ್ನು ಮೊದಲು ಕಳೆಯಿರಿ.

ಮಡಿಕೇರಿ ವಿದ್ಯಾರ್ಥಿನಿ: ಕಳೆದಿದ್ದೇನೆ ಸರ್. ಫಲಿತಾಂಶ ಅದೇ.

ಹಳೆಯ ಸ್ಪಟರಿಂಗ್‌ನವ: ಟಾರ್ಗೆಟ್ಟನ್ನು ದೂರಬೇಡಿ, ಹರಳಿನ ಡಬ್ಬಿ ನೋಡಿ. ಕಬ್ಬಿಣದ ಜಾಲರಿಯಲ್ಲಿ ಮರುಕಳಿಸುವ ಘನ ಘಟಕದ ಅಂಚು 2.87 ಆಂಗ್‌ಸ್ಟ್ರಾಮ್, ಮೆಗ್ನೀಸಿಯಂ ಆಕ್ಸೈಡಿನದು 4.21. ಕಬ್ಬಿಣ 45 ಡಿಗ್ರಿ ತಿರುಗಿ ಕುಳಿತರೆ ಅದರ ಕರ್ಣ 4.06 ಆಗುತ್ತದೆ, ಅಂತರ ನೂರಕ್ಕೆ ನಾಲ್ಕರೊಳಗೆ ಬರುತ್ತದೆ. ಈ ಹೊಂದಾಣಿಕೆಗೆ ಹರಳಿನ ಮೈ ಶುದ್ಧವಾಗಿರಬೇಕು. ಮೆಗ್ನೀಸಿಯಂ ಆಕ್ಸೈಡ್ ಮಡಿಕೇರಿಯ ಮಳೆಗಾಲದಲ್ಲಿ ಕಾಫಿ ಬೀಜದಂತೆ ತೇವ ಹಿಡಿಯುತ್ತದೆ. ಮೇಲ್ಮೈ ಹೈಡ್ರಾಕ್ಸೈಡ್ ಆಗುತ್ತದೆ. ಆಗ ಪರಮಾಣುಗಳಿಗೆ ಕೆಳಗಿನ ಜಾಲರಿ ಕಾಣುವುದಿಲ್ಲ. ಅವು ತಮಗೆ ಅತಿ ಒತ್ತಾದ (110) ಮುಖವನ್ನೇ ಮೇಲಕ್ಕಿಟ್ಟು ಬೆಳೆಯುತ್ತವೆ. ನಿಮ್ಮ 44.7 ಅದೇ; 65 ಡಿಗ್ರಿಯದು ಹರಳಿಗೆ ಹೊಂದಿ ಕುಳಿತ (001) ಮುಖದ್ದು.

ಹರಳನ್ನು ನೀರಿನಲ್ಲಿ ತೊಳೆಯಲೇಬೇಡಿ. ಅಸಿಟೋನ್, ನಂತರ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಬಳಿಕ ನಿರ್ವಾತದಲ್ಲಿ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ, ಕೋಣೆ ತೆರೆಯದೆಯೇ ಪದರ ಹಾಕಿ. ಮೇಲೆ ಎರಡು-ಮೂರು ನ್ಯಾನೊಮೀಟರ್ ಟ್ಯಾಂಟಲಮ್ ಮುಚ್ಚಿಗೆ ಹಾಕದಿದ್ದರೆ ಕಬ್ಬಿಣವೇ ತುಕ್ಕು ಹಿಡಿಯುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಇದ್ದರಷ್ಟೇ ಸಾಲದು, ಅದರ ಬಣ್ಣವನ್ನೂ ಗಮನಿಸಿ.

ಮಡಿಕೇರಿ ವಿದ್ಯಾರ್ಥಿನಿ: ಕಾಯಿಸಿದ ಮೇಲೆ 65 ಡಿಗ್ರಿಯ ಶಿಖರ ಮರಳಿದೆ, 44.7 ಮಾಯವಾಗಿದೆ! ನಾಲ್ಕು ಸುಲಭ ದಿಕ್ಕುಗಳೂ ಬಂದಿವೆ, ಆದರೆ ಎದುರುಬದುರಿನ ಒಂದು ಜೋಡಿ ಇನ್ನೂ ಬಲವಾಗಿದೆ. ಜೊತೆಗೆ ಸುಲಭ ದಿಕ್ಕು ಹರಳಿನ ಅಂಚಿಗಲ್ಲ, ಮೂಲೆಗೆ ಮುಖ ಮಾಡಿದೆ.

ಹಳೆಯ ಸ್ಪಟರಿಂಗ್‌ನವ: ಅಂಚು [100] ದಿಕ್ಕಿಗೆ (ಘನದ ಅಂಚಿನ ದಿಕ್ಕು; [110] ಮುಖದ ಕರ್ಣದ್ದು) ಕತ್ತರಿಸಿದ ಹರಳಾದರೆ ಮೂಲೆಯತ್ತ ಬರುವುದೇ ಸರಿ. ಕಬ್ಬಿಣದ ಸುಲಭ ದಿಕ್ಕು [100], ಅದು ಹರಳಿನ [110]ಕ್ಕೆ ಸಮಾಂತರ. ಜೋಡಿಯ ವಿಷಯ ಬೇರೆ. ಹರಳನ್ನು ಹಿಡಿದಿರುವ ನಿಮ್ಮ ಹಿಡಿಕೆ ತಿರುಗದೆ ಟಾರ್ಗೆಟ್ ಓರೆಯಾಗಿದ್ದರೆ, ಪರಮಾಣುಗಳು ಬರುವ ದಿಕ್ಕೇ ಒಂದು ಒಲವನ್ನು ಸೇರಿಸುತ್ತದೆ. ಹರಳಿನ ಪ್ರಭಾವ ಅಳಿದಿದ್ದಾಗ ನಿಮಗೆ ಕಾಣುತ್ತಿದ್ದುದು ಬಹುಶಃ ಅದೊಂದೇ. ಮುಂದಿನ ಹರಳನ್ನು 90 ಡಿಗ್ರಿ ತಿರುಗಿಸಿ ಅಂಟಿಸಿ. ಬಲವಾದ ಜೋಡಿ ಹರಳಿನ ಜೊತೆ ತಿರುಗಿದರೆ ಹರಳಿನ ಮೈಮೇಲಿನ ಪರಮಾಣು ಎತ್ತರದ ಮೆಟ್ಟಿಲುಗಳ ಮೇಲೆ ಸಂಶಯಪಡಿ; ಕೋಣೆಗೆ ಅಂಟಿಕೊಂಡಂತೆ ಅಲ್ಲಿಯೇ ಉಳಿದರೆ ಹಿಡಿಕೆಗೆ ಮೋಟಾರು ಹಾಕಿಸಿ. ಮ್ಯಾಗ್ನೆಟ್ರಾನಿನ (ಟಾರ್ಗೆಟ್ಟಿನ ಹಿಂದೆ ಕಾಂತಗಳಿರುವ ಭಾಗ) ಸೋರುವ ಕ್ಷೇತ್ರವನ್ನೂ ಒಮ್ಮೆ ಅಳೆಯಿರಿ, ಅದೂ ಇಂಥ ಒಲವನ್ನು ಸೇರಿಸಬಹುದು.