ಬಿಸಿ ಪ್ಲಗ್, ತಣ್ಣನೆಯ ಪ್ಲಗ್: ಇವಕ್ಕೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನು ಬರೆದ ಒಂದು ಪದದಿಂದಾಗಿ ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಗ್ಯಾರೇಜೊಂದರಲ್ಲಿ ಕಾರಿಗೆ ತಪ್ಪು ಪ್ಲಗ್ (ಎಂಜಿನ್ನಿನೊಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್) ಬಿದ್ದಿದೆ. ಬೈಸಿಕೊಂಡವನು ಅಲ್ಲಿನ ಹುಡುಗ, ತಪ್ಪು ನನ್ನದು. ಆ ಪದ ತಿದ್ದಲು ನಿಮ್ಮ ನೆರವು ಬೇಕು.

ಪರಿಚಯದ ಹಿರಿಯರೊಬ್ಬರ ಬಳಿ ಹಳೆಯ ಎಂಜಿಬಿ ಕಾರಿದೆ. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು. 1798 ಸಿಸಿ, ನಾಲ್ಕು ಸಿಲಿಂಡರ್, ಎರಡು ಕಾರ್ಬ್ಯುರೇಟರ್. ಈಚೆಗೆ ಎಂಜಿನ್ ಬಿಚ್ಚಿಸಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್-ಗಾಳಿಯನ್ನು ಒತ್ತುವ ಪ್ರಮಾಣ, ಏರಿಸಿದ್ದಾರೆ. ಗ್ಯಾರೇಜಿನ ಹುಡುಗರು ಓದಿಕೊಳ್ಳಲೆಂದು ನಾಲ್ಕು ಪುಟದ ಸೂಚನೆಯನ್ನು ಕನ್ನಡದಲ್ಲಿ ಬರೆದುಕೊಡಿ ಎಂದರು. ಧಾರವಾಡದಲ್ಲಿ ಕುಳಿತು ಕರಡು ತಿದ್ದುವ ನಾನು, ಎಂಜಿನ್ ಗೊತ್ತಿಲ್ಲದಿದ್ದರೇನು, ಕನ್ನಡ ಗೊತ್ತಿದೆಯಲ್ಲ ಎಂಬ ಧೈರ್ಯದಲ್ಲಿ ಒಪ್ಪಿಕೊಂಡೆ.

ಮೂಲದಲ್ಲಿದ್ದ 'ಹಾಟ್ ಪ್ಲಗ್', 'ಕೋಲ್ಡ್ ಪ್ಲಗ್'ಗಳನ್ನು ಬಿಸಿ ಪ್ಲಗ್, ತಣ್ಣನೆಯ ಪ್ಲಗ್ ಎಂದು ಬರೆದೆ. "ಕಂಪ್ರೆಷನ್ ಏರಿಸಿದ ಮೇಲೆ ಒಂದು ಅಂಕಿಯಷ್ಟು ತಣ್ಣನೆಯ ಪ್ಲಗ್ ಹಾಕಬೇಕು" ಎಂಬ ವಾಕ್ಯ ಓದಿದ ಹುಡುಗ ಎನ್‌ಜಿಕೆಯ ಬಿಪಿ6ಇಎಸ್ ಎಂಬ ಪ್ಲಗ್ ತೆಗೆದು ಬಿಪಿ5ಇಎಸ್ ಹಾಕಿದ. ಜ್ವರ ಇಳಿಯಿತು ಎಂದರೆ ಅಂಕಿ ಇಳಿಯಿತು ಎಂದೇ ಅಲ್ಲವೇ? ಆದರೆ ಆ ಕಂಪನಿಯ ಲೆಕ್ಕದಲ್ಲಿ ಅಂಕಿ ಏರಿದಷ್ಟೂ ಪ್ಲಗ್ 'ಕೋಲ್ಡ್'. ಹಾಕಬೇಕಾದದ್ದು ಬಿಪಿ7ಇಎಸ್. ಬಾಷ್‌ ಮತ್ತು ಚಾಂಪಿಯನ್‌ನವರ ಲೆಕ್ಕ ಇದಕ್ಕೆ ತದ್ವಿರುದ್ಧ. ಧಾರವಾಡದ ದಾರಿಯ ಏರಿನಲ್ಲಿ ಕಾರು ಕಟಕಟನೆ ಬಡಿದುಕೊಳ್ಳತೊಡಗಿತು. ಪ್ಲಗ್ ಬಿಚ್ಚಿ ನೋಡಿದರೆ, ಬಿಸ್ಕತ್ತಿನ ಕಂದು ಬಣ್ಣಕ್ಕಿರಬೇಕಾದ ಪಿಂಗಾಣಿಯ ತುದಿ ಸುಣ್ಣ ಬಳಿದಂತೆ ಬೆಳ್ಳಗೆ. ಅದರ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು.

ಅಂಕಿಯ ಗೊಂದಲ ಕಂಪನಿಗಳದು, ಅದಿರಲಿ. ನನ್ನ ತಕರಾರು 'ಬಿಸಿ' ಎಂಬ ಮಾತಿನ ಮೇಲೆ. ಪ್ಲಗ್ ತಾನಾಗಿ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಎಂಜಿನ್ನನ್ನು ಕಾಯಿಸುವುದೂ ಇಲ್ಲ. ಒಳಗಿನ ಉರಿಯಿಂದ ತಗುಲಿದ ಕಾವನ್ನು ಎಷ್ಟು ಬೇಗ ಸಿಲಿಂಡರ್ ಹೆಡ್ಡಿಗೆ ದಾಟಿಸುತ್ತದೆ ಎಂಬುದರಲ್ಲಿದೆ ವ್ಯತ್ಯಾಸ. ಪಿಂಗಾಣಿಯ ಮೂತಿ ಉದ್ದವಿದ್ದರೆ ಕಾವು ಲೋಹದ ಮೈ ಸೇರಲು ದೂರ ಸಾಗಬೇಕು, ಹಾಗಾಗಿ ತುದಿಯಲ್ಲೇ ನಿಲ್ಲುತ್ತದೆ, ಅದು ಹಾಟ್. ಮೂತಿ ಗಿಡ್ಡವಿದ್ದರೆ ಬೇಗ ಇಳಿದುಹೋಗುತ್ತದೆ, ಅದು ಕೋಲ್ಡ್. ತುದಿಯ ಕಾವು ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಮಸಿ ಸುಟ್ಟುಹೋಗದೆ ಕಟ್ಟಿಕೊಂಡು ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. 800 ದಾಟಿದರೆ ಕಿಡಿ ಹಾರುವ ಮೊದಲೇ ಆ ಕೆಂಡದಂಥ ತುದಿಯಿಂದ ಪೆಟ್ರೋಲ್ ಹೊತ್ತಿಕೊಳ್ಳಬಹುದು. ಅದಕ್ಕೇ ಕಂಪ್ರೆಷನ್ ಏರಿ ಹೆಚ್ಚು ಕಾಯುವ ಎಂಜಿನ್ನಿಗೆ ಕೋಲ್ಡ್ ಪ್ಲಗ್.

ಗ್ಯಾರೇಜಿನ ಹಿರಿಯ ಮಿಸ್ತ್ರಿಗೆ ಇವು 'ಗರಂ', 'ಥಂಡಾ'. ಅವರಿಗೆ ಯಾವ ಗೊಂದಲವೂ ಇಲ್ಲ. ನನ್ನ 'ಬಿಸಿ' ಕೇಳಿ ಪಾನಾ ಕೆಳಗಿಟ್ಟು, "ಸರ್, ಇದು ಮುಟ್ಟಿ ನೋಡುವ ಬಿಸಿಯಲ್ಲ, ಪಪ್ಪಾಯಿ ಉಷ್ಣ ಎನ್ನುತ್ತೇವಲ್ಲ, ಹಾಗೆ" ಎಂದರು. ಅಂದಿನಿಂದ ಇದೇ ತಲೆ ಕೊರೆಯುತ್ತಿದೆ. ಫ್ರಿಜ್‌ನಿಂದ ತೆಗೆದ ಪಪ್ಪಾಯಿ ಕೈಗೆ ಎಷ್ಟೇ ತಣ್ಣಗಿದ್ದರೂ ಉಷ್ಣವೇ. ಹೆಸರುಬೇಳೆಯ ಸಾರು ನಾಲಿಗೆ ಸುಟ್ಟರೂ ತಂಪೇ. ಬಿಸಿ ಚರ್ಮಕ್ಕೆ ತಾಗುವಂಥದ್ದು, ಉಷ್ಣ ವಸ್ತುವಿನ ಗುಣ. ಕನ್ನಡದ ಅಡುಗೆಮನೆ ಇವೆರಡನ್ನು ಎಂದೋ ಬೇರೆ ಮಾಡಿಟ್ಟಿದೆ. ಹಾಗಾದರೆ 'ಉಷ್ಣದ ಪ್ಲಗ್', 'ತಂಪಿನ ಪ್ಲಗ್' ಎನ್ನಬಹುದೇ? ನನಗೆ ಅರ್ಧ ಒಪ್ಪಿಗೆ. ಉಷ್ಣದ ಪದಾರ್ಥ ತಿಂದವರ ಮೈ ಕಾಯುತ್ತದೆ ಎನ್ನುತ್ತೇವೆ; ಪ್ಲಗ್ ಎಂಜಿನ್ನಿನ ಮೈ ಕಾಯಿಸುವುದಿಲ್ಲವಲ್ಲ. ಮತ್ತೆ ಅದೇ ಹಳ್ಳಕ್ಕೆ ಬೀಳುತ್ತೇವೆ.

ಸದ್ಯ ನನ್ನ ಒಲವು 'ಕಾವು ಹಿಡಿಯುವ ಪ್ಲಗ್', 'ಕಾವು ಬಿಡುವ ಪ್ಲಗ್' ಕಡೆಗೆ. ಮಣ್ಣಿನ ಗಡಿಗೆ ಕಾವು ಹಿಡಿದಿಟ್ಟುಕೊಳ್ಳುತ್ತದೆ, ತೆಳು ಅಲ್ಯೂಮಿನಿಯಂ ಪಾತ್ರೆ ಬೇಗ ಬಿಟ್ಟುಬಿಡುತ್ತದೆ. ಹುಡುಗನಿಗೆ ಇಷ್ಟು ಹೇಳಿದರೆ ಸಾಕು. ಪದ ಉದ್ದವಾಯಿತು, ನಿಜ. ಪ್ಲಗ್ ಮಾತ್ರ ಪ್ಲಗ್ಗಾಗಿಯೇ ಇರಲಿ ಎನ್ನುವವನು ನಾನು. 'ಕಿಡಿಬಿರಟೆ' ಎಂದು ಚೀಟಿ ಬರೆದು ಕಳಿಸಿದರೆ ಅಂಗಡಿಯವರು ಸೀಸೆಯ ಮುಚ್ಚಳ ಕೊಟ್ಟು ಕಳಿಸಿಯಾರು. ಕಿಟೆಲ್ ನಿಘಂಟನ್ನೂ ಕೈಗೆತ್ತಿಕೊಂಡಿದ್ದೆ. 1894ರಲ್ಲಿ ಅಚ್ಚಾದ ಪುಸ್ತಕದಲ್ಲಿ ಸ್ಪಾರ್ಕ್ ಪ್ಲಗ್ ಹುಡುಕುವ ನನ್ನ ಆಸೆಗೆ ನಾನೇ ನಕ್ಕು ಕೆಳಗಿಟ್ಟೆ.

ಇನ್ನೆರಡು ಮಾತು. ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಹಳೆಯ ಡಿಸ್ಟ್ರಿಬ್ಯೂಟರಿನಲ್ಲಿ ಪುಟ್ಟ ತೂಕಗಳೂ ಸ್ಪ್ರಿಂಗುಗಳೂ ಮಾಡುತ್ತಿದ್ದ, ಕಿಡಿಯ ಸಮಯ ಹೊಂದಿಸುವ ಕೆಲಸಕ್ಕೆ ಈ ಕಾರಿನಲ್ಲಿ ಈಗ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೂರಿಸಿದ್ದಾರೆ. ಈ 'ಎಂಜಿನ್ ಮ್ಯಾನೇಜ್‌ಮೆಂಟ್' ಅನ್ನು 'ಎಂಜಿನ್ ನಿರ್ವಹಣೆ' ಎಂದು ಬರೆದರೆ ಹುಡುಗರು ಆಯಿಲ್ ಬದಲಿಸಲು ಹೊರಟರು. 'ನಿಯಂತ್ರಣ' ಎಂದು ತಿದ್ದಿದ್ದೇನೆ, ಅದು ಮುಗಿದ ಮಾತು. ಬಗೆಹರಿಯದೆ ಉಳಿದದ್ದು 'ಅಡ್ವಾನ್ಸ್'. ಪಿಸ್ಟನ್ ಮೇಲ್ತುದಿ ಮುಟ್ಟಲು ಎಂಜಿನ್ ಇನ್ನೂ 10 ಡಿಗ್ರಿ ತಿರುಗಬೇಕಿರುವಾಗಲೇ ಕಿಡಿ ಹಾರಬೇಕು ಎಂಬಲ್ಲಿ ಅನುವಾದದ ತಂತ್ರಾಂಶವೊಂದು '10 ಡಿಗ್ರಿ ಮುಂಗಡ' ಎಂದು ಕೊಟ್ಟಿತು. ಕಿಡಿಗೂ ಸಂಬಳದ ಮುಂಗಡ! ಮುಂಗೈ, ಮುಂಗಾರುಗಳ ಜಾಡಿನಲ್ಲಿ 'ಮುಂಗಿಡಿ' ಎಂದು ಸಂಧಿ ಮಾಡಿ ನೋಡಿದೆ, ಕಿವಿಗೆ ಹಿತವೆನಿಸಿತು. ಕಿಡಿಯನ್ನು ತಡಮಾಡುವ 'ರಿಟಾರ್ಡ್'ಗೆ ಜೋಡಿಯಾಗಿ 'ಹಿಂಗಿಡಿ' ಎಂದೆ. ನಮ್ಮ ಕಡೆಯ ಹುಡುಗರಿಗೆ ಅದು 'ಹೀಗೆ ಇಡಿ' ಎಂದು ಕೇಳಿಸಿ, ಒಬ್ಬ "ಹೇಗೆ ಇಡಲಿ?" ಎಂದು ಪಾನಾ ಹಿಡಿದು ನಿಂತ.

ಗದಗ, ಹಾವೇರಿ ಕಡೆಯ ಬೈಕ್ ಮಿಸ್ತ್ರಿಗಳು ಗರಂ, ಥಂಡಾ ಬಿಟ್ಟು ಬೇರೆ ಮಾತು ಬಳಸುವುದನ್ನು ಯಾರಾದರೂ ಕೇಳಿದ್ದೀರಾ? ಕಿಡಿಯ ಟೈಮಿಂಗನ್ನು ಮುಂದೆ ಹಿಂದೆ ಮಾಡುವುದಕ್ಕೆ ಅವರು ಏನೆನ್ನುತ್ತಾರೆ? ತಿದ್ದಿದ ಪ್ರತಿಯನ್ನು ಗ್ಯಾರೇಜಿಗೆ ಕೊಡುವುದು ಬಾಕಿಯಿದೆ.