ಹೊಟ್ಟೆಯ ಕೊಬ್ಬು, ಶುಗರ್, ಕರುಳಿನ ಉರಿಯೂತ: ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ನನಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ದೀರ್ಘಕಾಲದ ಉರಿಯೂತ) ಇದೆ. ಹೋದ ಸಲ ರೋಗ ಕೆರಳಿದಾಗ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಶುರು ಮಾಡಿದರು. ಈಗಲೂ ಸಣ್ಣ ಡೋಸ್ ನಡೆಯುತ್ತಿದೆ. ಈಚೆಗೆ ಹೊಟ್ಟೆ ಬಂದಿದೆ. ಖಾಲಿ ಹೊಟ್ಟೆಯ ಶುಗರ್ 112, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 190. ಸ್ಕ್ಯಾನಿನಲ್ಲಿ ಫ್ಯಾಟಿ ಲಿವರ್ ಅಂತ ಬಂದಿದೆ. ಶುಗರ್ ನೋಡುವವರು ಕರುಳಿನ ಬಗ್ಗೆ ಕೇಳುವುದಿಲ್ಲ, ಕರುಳು ನೋಡುವವರು ಶುಗರ್ ಬಗ್ಗೆ ಕೇಳುವುದಿಲ್ಲ. ಎರಡಕ್ಕೂ ಸಂಬಂಧ ಇದೆಯಾ?

ಉತ್ತರ: ಖಂಡಿತ ಇದೆ. ಎರಡೂ ಕಡೆಯಿಂದ ಇದೆ.

ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಸೇರುವ ಕೊಬ್ಬು ಸುಮ್ನೆ ಬಿದ್ದಿರುವುದಿಲ್ಲ. ಅದು ಟಿಎನ್‌ಎಫ್, ಐಎಲ್-6 ಮುಂತಾದ ಉರಿಯೂತದ ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಐಬಿಡಿಗೆ (ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್‌ನಂಥ ಕರುಳಿನ ಉರಿಯೂತದ ಕಾಯಿಲೆಗಳಿಗೆ) ಕೊಡುವ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಮದ್ದುಗಳು ತಡೆಯುವುದು ಇದೇ ಟಿಎನ್‌ಎಫ್ ಅನ್ನು! ಇನ್ನೊಂದು ಕಡೆ, ಕೆರಳಿದ ಕರುಳಿನ ಒಳಪದರ ಸಡಿಲವಾದಾಗ ಬ್ಯಾಕ್ಟೀರಿಯಾದ ಚೂರುಗಳು ಒಳಗೆ ನುಸುಳುತ್ತವೆ. ಕರುಳಿನ ರಕ್ತ ಮೊದಲು ಹೋಗುವುದೇ ಲಿವರ್‌ಗೆ. ಅಲ್ಲಿ ಉರಿಯೂತ ಹೆಚ್ಚಾದರೆ ಇನ್ಸುಲಿನ್ ಮಾತು ನಡೆಯುವುದಿಲ್ಲ. ಐಬಿಡಿ ಇರುವವರಲ್ಲಿ ಫ್ಯಾಟಿ ಲಿವರ್ ಆಗಾಗ ಕಾಣಲು ಇದೂ ಒಂದು ಕಾರಣ.

ಶುಗರ್, ಕೊಬ್ಬು, ಬಿಪಿಯ ತೊಂದರೆಗಳು ಒಟ್ಟಿಗೆ ಸೇರುವುದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತೇವೆ. ಅದನ್ನು ಗುರುತಿಸಲು ಐದು ಅಳತೆ ನೋಡುತ್ತೇವೆ. ಖಾಲಿ ಹೊಟ್ಟೆಯ ಶುಗರ್ 100 ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಬಿಪಿ 130/85 ಅಥವಾ ಹೆಚ್ಚು, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ, ಐದನೆಯದು ಸೊಂಟದ ಸುತ್ತಳತೆ. ಮೂರು ಸೇರಿದರೆ ಆ ಹೆಸರು. ನಿಮಗೆ ಎರಡು ಆಗಲೇ ದಾಟಿವೆ. ಉಳಿದ ಮೂರನ್ನೂ ನೋಡಿಸಿಕೊಳ್ಳಿ.

ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಚಿಂತೆ ತಂದಿದ್ದು ಆ 'ಸಣ್ಣ ಡೋಸ್'. ಪ್ರೆಡ್ನಿಸೊಲೋನ್ ರೋಗವನ್ನು ಹತೋಟಿಗೆ ತರುವ ಮದ್ದು. ಹತೋಟಿಯಲ್ಲಿ ಇಟ್ಟುಕೊಳ್ಳಲು ಬೇರೆ ಮದ್ದು ಬೇಕು. ಪ್ರೆಡ್ನಿಸೊಲೋನ್ ಲಿವರ್‌ನಿಂದ ಸಕ್ಕರೆ ಹೆಚ್ಚು ಬರುವಂತೆ ಮಾಡುತ್ತದೆ, ಸ್ನಾಯುಗಳು ಸಕ್ಕರೆ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ, ಕೊಬ್ಬನ್ನು ಹೊಟ್ಟೆಗೆ ತಂದು ಕೂರಿಸುತ್ತದೆ. ಬೆಳಿಗ್ಗೆ ಮಾತ್ರೆ ತಗೊಂಡರೆ ಶುಗರ್ ಏರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಹಾಗಾಗಿ ಬರೀ ಖಾಲಿ ಹೊಟ್ಟೆಯ ಪರೀಕ್ಷೆ ಸಾಲದು, ಮಧ್ಯಾಹ್ನ ಊಟವಾಗಿ ಎರಡು ಗಂಟೆ ಕಳೆದ ಮೇಲೂ ಒಮ್ಮೆ ಮಾಡಿಸಿ. ಕರುಳಿನ ಡಾಕ್ಟರ್ ಹತ್ತಿರ ನೇರವಾಗಿ ಕೇಳಿ: 'ಸ್ಟೆರಾಯ್ಡ್ ಬಿಟ್ಟು ರೋಗವನ್ನು ಹಿಡಿದಿಡಲು ನನಗೆ ಯಾವ ಮದ್ದು?'

ಪ್ರಶ್ನೆ: ಹಾಗಾದರೆ ನಾಳೆಯಿಂದಲೇ ನಿಲ್ಲಿಸಿಬಿಡಲಾ?

ಉತ್ತರ: ಬೇಡ, ದಯವಿಟ್ಟು ಬೇಡ! ಕೆಲವು ವಾರ ತಗೊಂಡ ಮೇಲೆ ದೇಹ ತನ್ನದೇ ಸ್ಟೆರಾಯ್ಡ್ ಆದ ಕಾರ್ಟಿಸೋಲ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ. ಏಕಾಏಕಿ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರ್ ಹೇಳಿದ ಹಾಗೆ ಹಂತಹಂತವಾಗಿ ಇಳಿಸಬೇಕು.

ಪ್ರಶ್ನೆ (ಇನ್ನೊಬ್ಬರು): ನನಗೆ ಕ್ರೋನ್ಸ್ ಕಾಯಿಲೆ. ನಾನು ತೆಳ್ಳಗಿದ್ದೇನೆ. ಇದೆಲ್ಲ ನನಗೆ ಸಂಬಂಧಿಸಿದ್ದಲ್ಲ ಅಲ್ವಾ?

ಉತ್ತರ: ತೂಕದ ಮಾತು ನಂಬಬೇಡಿ. ಕ್ರೋನ್ಸ್‌ನಲ್ಲಿ ರೋಗ ಇರುವ ಕರುಳಿನ ಭಾಗವನ್ನೇ ಕೊಬ್ಬು ಹಲವು ಸಲ ಹೊರಗಿನಿಂದ ತಬ್ಬಿಕೊಂಡಿರುತ್ತದೆ. ಆಪರೇಷನ್ ಮಾಡುವಾಗ ಸರ್ಜನ್‌ಗಳಿಗೆ ಇದು ಕಣ್ಣಿಗೇ ಕಾಣುತ್ತದೆ, ಸಣ್ಣಗಿರುವವರಲ್ಲೂ. ಜೊತೆಗೆ ದೀರ್ಘಕಾಲದ ಉರಿಯೂತ ಸ್ನಾಯುಗಳನ್ನು ಕರಗಿಸುತ್ತದೆ. ಊಟದ ಸಕ್ಕರೆ ಹೆಚ್ಚಾಗಿ ಖರ್ಚಾಗುವುದೇ ಸ್ನಾಯುಗಳಲ್ಲಿ. ರೋಗ ಶಾಂತವಾಗಿರುವಾಗ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ, ಪ್ರೋಟೀನ್ ಸಾಕಷ್ಟು ತಗೊಳ್ಳಿ. ಸಿಗರೇಟ್ ಇದ್ದರೆ ಬಿಡಲೇಬೇಕು. ಅದು ಕ್ರೋನ್ಸ್ ಅನ್ನೂ ಹೃದಯವನ್ನೂ ಕೆಡಿಸುತ್ತದೆ.

ಪ್ರಶ್ನೆ: ಅಮ್ಮನಿಗೆ ಕೊಲೈಟಿಸ್, ಹಿಮೋಗ್ಲೋಬಿನ್ 9. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) 6.6 ಬಂದಿದೆ. ಡಯಾಬಿಟಿಸ್ ಅಂತ ತಿಳಿಯಬೇಕಾ?

ಉತ್ತರ: ಈಗಲೇ ತೀರ್ಮಾನ ಬೇಡ. ಕಬ್ಬಿಣಾಂಶ ಕಡಿಮೆ ಇದ್ದಾಗ ಈ ಪರೀಕ್ಷೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಈಚೆಗೆ ರಕ್ತ ಹೋಗಿದ್ದರೆ, ಅವರಿಗೆ ರಕ್ತ ಹಾಕಿದ್ದರೆ ಕಡಿಮೆಯೂ ತೋರಿಸಬಹುದು. ಖಾಲಿ ಹೊಟ್ಟೆಯ ಶುಗರ್ ಮತ್ತು ಊಟದ ನಂತರದ ಶುಗರ್ ಮಾಡಿಸಿ, ಕಬ್ಬಿಣಾಂಶದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ ನೋಡಿಸಿ. ಕೊಲೆಸ್ಟ್ರಾಲ್ ಕೂಡ ಹೀಗೇ ದಾರಿ ತಪ್ಪಿಸುತ್ತದೆ. ರೋಗ ಕೆರಳಿದಾಗ ಅದು ಇಳಿದು ಚೆನ್ನಾಗಿರುವಂತೆ ಕಾಣುತ್ತದೆ. ರೋಗ ತಣ್ಣಗಾದ ಮೇಲೆ ಇನ್ನೊಮ್ಮೆ ಮಾಡಿಸಿ.

ಪ್ರಶ್ನೆ: ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ಶುರು ಮಾಡಿದ ಮೇಲೆ ಭೇದಿ. ರೋಗ ಮತ್ತೆ ಕೆರಳಿತಾ?

ಉತ್ತರ: ಮೆಟ್‌ಫಾರ್ಮಿನ್‌ನಿಂದಲೇ ಭೇದಿ ಆಗುವುದು ಸಾಮಾನ್ಯ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಲ್ಲಿ ಈ ಕಾಟ ಕಡಿಮೆ. ರಕ್ತ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ತಡ ಮಾಡದೆ ತೋರಿಸಿ. ಅನುಮಾನ ಇದ್ದರೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತ ತೋರಿಸುವ ಪ್ರೋಟೀನ್) ಪರೀಕ್ಷೆ ಮಾಡಿಸಿ. 50ಕ್ಕಿಂತ ಕಡಿಮೆ ಇದ್ದರೆ ಕರುಳು ಕೆರಳಿರುವ ಸಾಧ್ಯತೆ ಕಡಿಮೆ, 250 ದಾಟಿದರೆ ಕರುಳಿನ ಡಾಕ್ಟರನ್ನು ಬೇಗ ನೋಡಿ.